ಉಂಗುರ ಕಾಣದ ಶನಿ

ಲಿಫ್ಟ್ ರಿಪೇರಿ ಮಾಡುವವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಸವಲತ್ತಿದೆ. ಊರಿನ ಎತ್ತರದ ಕಟ್ಟಡಗಳ ತಾರಸಿಯ ಬೀಗದ ಕೈ ಅವರ ಜೇಬಿನಲ್ಲಿರುತ್ತದೆ. ಹಳೆಯ ಲಿಫ್ಟುಗಳಿಗೆ ಮೋಟಾರು, ತಂತಿಹಗ್ಗ ಸುತ್ತುವ ಚಕ್ರ, ಟಕಟಕ ಎಂದು ವಿದ್ಯುತ್ತು ಹಾಕಿ ತೆಗೆಯುವ ರಿಲೇಗಳ ಬೀರು ಎಲ್ಲವೂ ತಾರಸಿಯ ಮೇಲಿನ ಗೂಡಿನಂಥ ಕೋಣೆಯಲ್ಲಿ ಇರುತ್ತಿದ್ದವು. ಆ ಕೋಣೆಗೆ ಹೋಗಬೇಕಾದವನು ಒಂದು ಗಳಿಗೆಯಾದರೂ ಆಕಾಶದ ಕೆಳಗೆ ನಿಲ್ಲಲೇಬೇಕು. ಲಿಫ್ಟ್ ಮಾಮನಿಗೆ ನಕ್ಷತ್ರದ ಹುಚ್ಚು ಹತ್ತಿದ್ದು ಹಾಗೆ.

‘ಮಾಮ’ ಅನ್ನುವುದು ಆಮೇಲೆ ಅಂಟಿಕೊಂಡ ಹೆಸರು. ಲಿಫ್ಟಿನೊಳಗೆ ಸಿಕ್ಕಿಬಿದ್ದು ಅಳುವ ಮಕ್ಕಳಿಗೆ ಬಾಗಿಲ ಸಂದಿಯಿಂದ, “ಮಾಮ ಬಂದಿದ್ದೀನಿ ಕಣ್ರೋ, ಹೆದರಬೇಡಿ” ಅನ್ನುತ್ತಿದ್ದರು. ಆ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಎತ್ತಿಕೊಂಡು ಅದೇ ಲಿಫ್ಟು ಹತ್ತಿದರೂ ಮಾಮ ಮಾಮನಾಗಿಯೇ ಉಳಿದರು. ಕೊನೆಕೊನೆಗೆ ಕಂಪನಿಯ ಮ್ಯಾನೇಜರೂ ಹಾಗೇ ಕರೆಯತೊಡಗಿದ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಇನ್ನೂ ಯಾರಿಗೂ ಮಾಮನಾಗಿರದ ಕಾಲದಲ್ಲಿ, ಆರಂತಸ್ತಿನ ಕಟ್ಟಡವೊಂದರ ಲಿಫ್ಟಿಗೆ ಬ್ರೇಕಿನ ಪಟ್ಟಿ ಬದಲಾಯಿಸಲು ಹೋಗಿದ್ದರು. ಕತ್ತಲಾಗುತ್ತಿತ್ತು. ತಾರಸಿಯ ಮೂಲೆಯಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಬಿಳಿ ಕೊಳವೆಯೊಂದನ್ನು ಆಕಾಶಕ್ಕೆ ಗುರಿಯಿಟ್ಟು ಸ್ಟೂಲಿನ ಮೇಲೆ ಕುಳಿತಿದ್ದರು. “ಬಾಪ್ಪ, ನೋಡು” ಅಂದರು. ಮಾಮ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಣ್ಣಿಟ್ಟರು. ಕಪ್ಪು ನೀರಿನಲ್ಲಿ ತೇಲಿದಂತೆ ಒಂದು ಕೆನೆಬಣ್ಣದ ಗುಂಡು, ಅದರ ಸುತ್ತ ಅಚ್ಚುಕಟ್ಟಾದ ಉಂಗುರ. ಯಾರೋ ಚಿತ್ರ ಬರೆದು ಒಳಗೆ ಅಂಟಿಸಿದ್ದಾರೆ ಅನ್ನಿಸಿ ಕೊಳವೆಯ ಬಾಯಿಯ ಕಡೆ ಹೋಗಿ ಇಣುಕಿದರು. ಒಳಗೆ, ತಳದಲ್ಲಿ, ಅಂಗೈಯಗಲದ ಒಂದು ಕನ್ನಡಿ, ಅದರಲ್ಲಿ ತಮ್ಮದೇ ಪೆಚ್ಚು ಮುಖ. ಅದು ಬಿಟ್ಟರೆ ಮತ್ತೇನೂ ಇರಲಿಲ್ಲ.

“ಶನಿಗ್ರಹ” ಅಂದರು ಮೇಷ್ಟ್ರು. “ಹೆದರಬೇಡ, ಹೆಗಲೇರೋದಿಲ್ಲ.”

ಏರಿತು ಎಂದೇ ಹೇಳಬೇಕು. ಎರಡು ತಿಂಗಳಾದ ಮೇಲೆ ಮೇಷ್ಟ್ರು ಬೇರೆ ಊರಿಗೆ ಹೊರಟರು. ಅವರಿಗೆ ಅಲ್ಲಿ ಓಡಾಡಲು ಸೈಕಲ್ಲು ಬೇಕಿತ್ತು, ಇವರಿಗೆ ದೂರದರ್ಶಕ ಬೇಕಿತ್ತು, ಅದಲುಬದಲಾಯಿತು. ಜೊತೆಗೆ ಕಣ್ಣಿಡುವ ಪುಟ್ಟ ಮಸೂರದ ಕೊಳವೆಗಳು, ಅಂದರೆ ಐಪೀಸುಗಳು, ಮೂರು ಬಂದವು. ಅವುಗಳ ಕಂಠದ ಮೇಲೆ ಇಪ್ಪತ್ತೈದು, ಹನ್ನೆರಡು, ಆರು ಎಂದು ಕೆತ್ತಿತ್ತು. ಅಂಕಿ ಸಣ್ಣದಾದಷ್ಟೂ ನೋಟ ದೊಡ್ಡದು. ಈ ಉಲ್ಟಾ ಲೆಕ್ಕ ಅರಗಲು ಮಾಮನಿಗೆ ಒಂದು ವಾರ ಬೇಕಾಯಿತು. ಹೊರಡುವ ದಿನ ಮೇಷ್ಟ್ರು ಒಂದೇ ಮಾತು ಹೇಳಿದರು: “ಕನ್ನಡಿಗೆ ಧೂಳು ಕೂತರೆ ಕೂರಲಿ. ತೊಳೆಯೋಕೆ ಮಾತ್ರ ಹೋಗಬೇಡ. ತೊಳೆದು ಹಾಳು ಮಾಡಿದವರೇ ಜಾಸ್ತಿ.”

ಮುಂದಿನ ಐದು ವರ್ಷ ಅವರು ಯಾವ ಕಟ್ಟಡದ ಕೆಲಸ ಮುಗಿಸಿದರೂ ಸಂಜೆ ಒಂದು ಗಂಟೆ ತಾರಸಿಯಲ್ಲಿ ಕಳೆದೇ ಇಳಿಯುತ್ತಿದ್ದರು. ನೋಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಆಮೇಲೆ ಮದುವೆಯಾಯಿತು. ಕಂಪನಿಯವರು ಬಂದರಿನ ಊರಿನಲ್ಲಿ ಕಟ್ಟುತ್ತಿದ್ದ ದೊಡ್ಡ ಹೋಟೆಲಿನ ಲಿಫ್ಟುಗಳ ಕೆಲಸಕ್ಕೆ ಮೂರು ವರ್ಷ ಕಳಿಸಿದರು. ಜೊತೆಗೆ ಒಯ್ದ ದೂರದರ್ಶಕ ಅಲ್ಲಿ ಪೆಟ್ಟಿಗೆಯಲ್ಲೇ ಇತ್ತು. ವಾಪಸು ಬಂದು ತೆಗೆದರೆ, ಸಮುದ್ರದ ತೇವಕ್ಕೆ ಕನ್ನಡಿಯ ಮೇಲೆ ಬೂಷ್ಟು ಹಿಡಿದು ಹೂಹೂವಾಗಿತ್ತು. ಮೇಷ್ಟ್ರ ಮಾತು ನೆನೆದು ಮಾಮ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಬಚ್ಚಲಿಗೆ ಒಯ್ದು ಸೋಪಿನ ನೀರಿನಲ್ಲಿ ಅದ್ದಿ, ಹತ್ತಿಯಿಂದ ಒರೆಸಿದರು. ಬೂಷ್ಟು ಹೋಯಿತು. ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ನಾಲ್ಕಾರು ಗೀರು ಕಂಡವು.

ಮರುದಿನ ಸಂಜೆ ಶನಿಯ ಕಡೆ ತಿರುಗಿಸಿದರು. ಗುಂಡು ಇತ್ತು. ಉಂಗುರ ಇರಲಿಲ್ಲ.

ಮೂರು ಐಪೀಸನ್ನೂ ಬದಲಾಯಿಸಿ ಹಾಕಿ ನೋಡಿದರು. ಬರೀ ಗುಂಡು, ನುಣ್ಣಗೆ, ಬೋಳಾಗಿ. ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದು ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದರು. ನಾಲ್ಕನೆಯ ದಿನಕ್ಕೆ ಮಗಳು ಹುಟ್ಟಿದಳು. ಕನ್ನಡಿ ಹಾಳು ಮಾಡಿದ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಮೇಷ್ಟ್ರ ವಿಳಾಸ ಇದ್ದರೂ ಪತ್ರ ಬರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯುವುದು?

ಮೂವತ್ತು ವರ್ಷ ಕಳೆಯಿತು. ಮಗಳು ಓದಿ, ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಹಿಡಿದು, ಎರಡು ಬೀದಿ ಆಚೆಗೆ ಗಂಡನ ಜೊತೆ ಮನೆ ಮಾಡಿದಳು. ಲಿಫ್ಟುಗಳಿಗೆ ತಾರಸಿಯ ಕೋಣೆಯೇ ಬೇಡವಾಯಿತು. ಎಲ್ಲವೂ ಪುಸ್ತಕದಷ್ಟು ದೊಡ್ಡ ಒಂದು ಡಬ್ಬಿಯೊಳಗೆ ಸೇರಿಕೊಂಡಿತು. ಅದನ್ನು ರಿಪೇರಿ ಮಾಡಲು ಸ್ಪ್ಯಾನರ್ ಬೇಡ, ಲ್ಯಾಪ್‌ಟಾಪ್ ಬೇಕು. ಅರವತ್ತೆರಡಕ್ಕೆ ಮಾಮ ಕೆಲಸ ಬಿಟ್ಟರು. ಯಾವುದಾದರೂ ಮುದಿ ಲಿಫ್ಟು ಹಟ ಹಿಡಿದಾಗ ಮಾತ್ರ ಹುಡುಕಿಕೊಂಡು ಬಂದು ಕರೆಯುತ್ತಿದ್ದರು.

ಆ ವರ್ಷ ಮೇಲಿನ ಮನೆಯ ನಲ್ಲಿ ಸೋರಿ ಇವರ ಅಟ್ಟಕ್ಕೆ ನೀರು ಜಿನುಗಿತು. ಹೆಂಡತಿ ಅಟ್ಟ ಖಾಲಿ ಮಾಡಿಸಿದಳು. ಕಂಬಳಿ ಸುತ್ತಿದ ಉದ್ದನೆಯ ಪೆಟ್ಟಿಗೆ ನಡುಮನೆಗೆ ಬಂತು.

“ರೀ, ಇದನ್ನ ಏನು ಮಾಡೋದು? ಗುಜರಿಯವನು ನಾಳೆ ಬರ್ತಾನೆ.”

“ಕೊಟ್ಟುಬಿಡು. ಕನ್ನಡಿ ಹೋಗಿದೆ ಅದರದು.”

ಹಾಗಂದವರು ಅಲ್ಲಿಗೇ ಬಿಡಬಹುದಿತ್ತು. ಆದರೆ ನಲವತ್ತು ವರ್ಷದ ಅಭ್ಯಾಸ. ಕೆಟ್ಟ ಯಂತ್ರವನ್ನೂ ಒಮ್ಮೆ ಚಾಲೂ ಮಾಡಿ ನೋಡದೆ ಎಸೆಯುವ ಜಾಯಮಾನ ಅವರದಲ್ಲ. ಸಂಜೆ ತಾರಸಿಗೆ ಒಯ್ದು ಮುಕ್ಕಾಲಿಗೆ ಕೂರಿಸಿದರು. ಬಿಗಿಯಾಗಿದ್ದ ತಿರುಪಿಗೆ ಎರಡು ತೊಟ್ಟು ಎಣ್ಣೆ ಬಿಟ್ಟರು. ಐಪೀಸಿನ ಡಬ್ಬಿ ತೆರೆದರೆ ಮೂರು ಗುಳಿಗಳಲ್ಲಿ ಒಂದು ಖಾಲಿ. ಇಪ್ಪತ್ತೈದರದು ಮಾಯ!

ಅದಿಲ್ಲದೆ ಏನನ್ನೂ ಹುಡುಕುವಂತಿಲ್ಲ. ಹನ್ನೆರಡರದರಲ್ಲಿ ಕಾಣುವುದು ಆಕಾಶದ ಒಂದು ಚಿಟಿಕೆಯಷ್ಟು ತುಂಡು. ಅಟ್ಟ, ಕಪಾಟು, ಮಂಚದ ಕೆಳಗೆ ಎಲ್ಲ ತಡಕಾಡಿ, ತಮ್ಮ ಸ್ಪ್ಯಾನರಿನ ಚೀಲವನ್ನೂ ನೆಲಕ್ಕೆ ಸುರಿದರು. ಹೆಂಡತಿ ಕಿಟಕಿ ಪರದೆಗಳಿಗೆ ಅಂಚು ಹೊಲಿಯುವ ಕೆಲಸ ಮಾಡುತ್ತಿದ್ದವಳು, ಹೊಲಿಗೆ ಯಂತ್ರದ ಮುಂದೆ ಕೂತು ನೋಡುತ್ತಿದ್ದಳು.

“ಏನು ಹುಡುಕ್ತಿದ್ದೀರಿ?”

“ಇಷ್ಟುದ್ದದ್ದು, ಕಪ್ಪಗೆ, ಗುಂಡಗೆ, ಒಂದು ಕಡೆ ಗಾಜು...”

ಅವಳು ದಾರದ ಡಬ್ಬಿಗೆ ಕೈ ಹಾಕಿ ಇಪ್ಪತ್ತೈದರ ಐಪೀಸನ್ನು ತೆಗೆದು ಅಂಗೈ ಮೇಲಿಟ್ಟಳು. “ಇದಾ? ಸೂಜಿಗೆ ದಾರ ಹಾಕೋಕೆ, ಮಾತ್ರೆ ಚೀಟಿ ಓದೋಕೆ ಇಟ್ಕೊಂಡಿದ್ದೀನಿ. ಮಗಳ ಕಾಲಿಗೆ ಮುಳ್ಳು ಚುಚ್ಚಿದಾಗ ಇದರಲ್ಲೇ ನೋಡಿ ತೆಗೆದದ್ದು.”

“ನನ್ನ ಪೆಟ್ಟಿಗೇಲಿದ್ದದ್ದು ನಿನ್ನ ಕೈಗೆ ಹೇಗೆ ಬಂತು?”

“ಅಟ್ಟದಲ್ಲಿ ಸುಮ್ನೆ ಬಿದ್ದಿತ್ತು, ತಗೊಂಡೆ. ಹಾಳಾಗಿದ್ದು ಅಂತ ಈಗ ನೀವೇ ಅಂದ್ರಲ್ಲ. ಇದು ಹಾಳಾಗಿಲ್ಲ. ಇದು ನಂದು.”

ವಾದ ಮಾಡಿ ಗೆಲ್ಲುವ ಸಂಗತಿ ಅದಲ್ಲವೆಂದು ಮಾಮನಿಗೆ ತಿಳಿದಿತ್ತು. ಹಗಲು ಅವಳದು, ಹೊತ್ತು ಮುಳುಗಿದ ಮೇಲೆ ಇವರದು ಎಂದು ಒಪ್ಪಂದವಾಯಿತು.

ಪಡುವಣದಲ್ಲಿ ಚಂದ್ರನಿದ್ದ, ಅರ್ಧಕ್ಕೆ ಎರಡು ದಿನ ಕಡಿಮೆ. ಹಾಳಾದ ಕನ್ನಡಿಯಲ್ಲಿ ಮಸುಕು ಮಸುಕಾಗಿ ಕಾಣುತ್ತಾನೆ ಎಂದುಕೊಂಡು ಕಣ್ಣಿಟ್ಟರೆ, ಕುಳಿಗಳ ಅಂಚು ಬ್ಲೇಡಿನಿಂದ ಕೊಯ್ದ ಹಾಗಿದೆ! ಬೆಟ್ಟದ ನೆರಳು ಒಂದೊಂದೂ ಬೇರೆಬೇರೆ. ಮಾಮ ಕಣ್ಣು ತೆಗೆದರು, ಉಜ್ಜಿಕೊಂಡರು, ಮತ್ತೆ ಇಟ್ಟರು. ಆರರ ಐಪೀಸು ಹಾಕಿದರೂ ಅಷ್ಟೇ ಚೊಕ್ಕ. ಚಂದ್ರ ದೊಡ್ಡವನು, ಬೆಳಕಿನವನು, ಅವನನ್ನು ಒಡೆದ ಗಾಜಿನಲ್ಲೂ ನೋಡಬಹುದೇನೋ ಎಂದುಕೊಂಡರು. ಹಂಸದ ಆಕಾರದ ನಕ್ಷತ್ರಗುಂಪಿನ ಕೊಕ್ಕಿನ ಕಡೆ ತಿರುಗಿಸಿದರು. ಬರಿಗಣ್ಣಿಗೆ ಒಂದು, ದೂರದರ್ಶಕಕ್ಕೆ ಎರಡು, ಒಂದು ಹಳದಿ, ಒಂದು ನೀಲಿ. ಹರೆಯದಲ್ಲಿ ಅವರಿಗೆ ಅತಿ ಇಷ್ಟವಾಗಿದ್ದ ಜೋಡಿ. ಎರಡೂ ಸೂಜಿಮೊನೆಯ ಹಾಗೆ ಕೂತಿದ್ದವು.

ಕನ್ನಡಿ ಸರಿಯಾಗಿದೆ. ಹಾಗಾದರೆ ಹಾಳಾಗಿದ್ದದ್ದು ಯಾವುದು?

ಮರುದಿನ ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದರು. ಸಂಜೆ ಶನಿ ಎಲ್ಲಿದೆ ಎಂದು ಪತ್ರಿಕೆಯಲ್ಲಿ ನೋಡಿಕೊಂಡು, ಆಗ್ನೇಯದಲ್ಲಿ ಮಿನುಗದೆ ಹೊಳೆಯುತ್ತಿದ್ದ ಚುಕ್ಕಿಗೆ ಗುರಿಯಿಟ್ಟರು. ಮೂವತ್ತು ವರ್ಷದ ಮೇಲೆ ಆ ಉಂಗುರ ನೋಡಲೆಂದು ಆರರ ಐಪೀಸು ಹಾಕಿ ಬಗ್ಗಿದರು.

ಉಂಗುರ ಇರಲಿಲ್ಲ. ಅದೇ ಗುಂಡು. ಅದೇ ಬೋಳು.

ಎಲ್ಲ ಮಹಡಿಯಲ್ಲೂ ನಿಂತು ನಾಲ್ಕನೆಯದರಲ್ಲಿ ಮಾತ್ರ ನಿಲ್ಲದ ಲಿಫ್ಟುಗಳನ್ನು ಮಾಮ ಕಂಡಿದ್ದರು. ಅದಕ್ಕೆ ಕಾರಣ ಸಿಗುತ್ತದೆ, ಆ ಮಹಡಿಯ ಒಂದು ತಂತಿಯೋ ಬಾಗಿಲಿನ ಸ್ವಿಚ್ಚೋ ಕೆಟ್ಟಿರುತ್ತದೆ. ಆದರೆ ಆಕಾಶದಲ್ಲಿರುವುದನ್ನೆಲ್ಲ ತೋರಿಸಿ ಒಂದು ಉಂಗುರವನ್ನು ಮಾತ್ರ ನುಂಗುವ ಕನ್ನಡಿಗೆ ಯಾವ ಕಾರಣ? ತಾನು ಬೇರೆ ಚುಕ್ಕಿ ನೋಡುತ್ತಿದ್ದೇನೋ ಅನ್ನಿಸಿತು. ಸುತ್ತಮುತ್ತಲಿನ ಚುಕ್ಕಿಗಳನ್ನೆಲ್ಲ ಒಂದೊಂದಾಗಿ ನೋಡಿದರು. ಅವೆಲ್ಲ ಬರೀ ಮೊನೆ, ಗುಂಡಾಗಿ ಕಾಣುವುದು ಇದೊಂದೇ. ಕನ್ನಡಿಯನ್ನು ಬಿಚ್ಚಿ, ಬಿಗಿದು, ಮೂರು ತಿರುಪುಗಳನ್ನು ಅರ್ಧರ್ಧ ಸುತ್ತು ತಿರುಗಿಸಿ ನೇರ ಮಾಡಿದರು. ಏನೂ ಬದಲಾಗಲಿಲ್ಲ.

“ಕಣ್ಣು ತೋರಿಸಿಕೊಂಡು ಬನ್ನಿ” ಅಂದಳು ಹೆಂಡತಿ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಕಣ್ಣಿನ ಡಾಕ್ಟರು ಬಲಗಣ್ಣಿನಲ್ಲಿ ಪೊರೆ ಬರುತ್ತಿದೆ ಎಂದರು. ಮಾಮನಿಗೆ ಒಳಗೊಳಗೇ ಖುಷಿಯಾಯಿತು, ಡಾಕ್ಟರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. “ಅದಕ್ಕೇ ಉಂಗುರ ಕಾಣ್ತಿಲ್ಲ ಅಲ್ವಾ ಸರ್?” ಎಂದು ಕೇಳಿದರು. ಡಾಕ್ಟರು ಅವರ ಬೆರಳು ನೋಡಿ, “ಉಂಗುರ ಕಳ್ಕೊಂಡಿದ್ದೀರಾ?” ಅಂದರು. ವಿವರಿಸಲು ಹೋಗದೆ ಮನೆಗೆ ಬಂದು ಎಡಗಣ್ಣಿನಲ್ಲಿ ನೋಡಿದರು. ಎಡಗಣ್ಣಿಗೂ ಉಂಗುರವಿಲ್ಲ. ಖುಷಿಯೂ ಹೋಯಿತು. ಮೂವತ್ತು ವರ್ಷದ ಹಿಂದೆ ಪೊರೆ ಎಲ್ಲಿತ್ತು ಎಂಬ ಪ್ರಶ್ನೆ ಆಮೇಲೆ ಹೊಳೆದು, ಇದ್ದಬದ್ದ ಧೈರ್ಯವೂ ಉಡುಗಿತು. ಈಗ ಅವರಿಗೆ ಬೇರೆಯೇ ಅನುಮಾನ ಶುರುವಾಯಿತು. ಮೊದಲು ಉಂಗುರ ಕಂಡದ್ದಾದರೂ ನಿಜವೋ ಅಲ್ಲವೋ? ಮೇಷ್ಟ್ರು ತೋರಿಸಿದರೆಂದು ತಾನು ಕಂಡೆನೋ? ನೋಟ್‌ಬುಕ್ಕು ತೆಗೆದರೆ ಅಲ್ಲಿ ಹನ್ನೊಂದು ಕಡೆ ಶನಿಯ ಚಿತ್ರ, ಹನ್ನೊಂದಕ್ಕೂ ಉಂಗುರ. ಅಕ್ಷರ ತಮ್ಮದೇ. ಆದರೂ ಬೇರೆ ಯಾರೋ ಬರೆದದ್ದನ್ನು ಓದಿದಂತಾಯಿತು.

ಅದೇ ವಾರ ಒಂದು ಕಾಲೇಜಿನಿಂದ ಫೋನು ಬಂತು. ಐದಂತಸ್ತಿನ ಹಳೆಯ ಕಟ್ಟಡ, ಜಾಲರಿ ಬಾಗಿಲಿನ ಲಿಫ್ಟು. ಮೂರು ಮೆಕ್ಯಾನಿಕ್ಕುಗಳು ಬಂದು ‘ಹೊಸದು ಹಾಕಿಸಿ’ ಎಂದು ಹೇಳಿ ಹೋಗಿದ್ದರು. ಶನಿವಾರ ಸಂಜೆಯೊಳಗೆ ಹೇಗಾದರೂ ಆಗಬೇಕು, ಮೇಲಕ್ಕೆ ಭಾರದ ಸಾಮಾನು ಸಾಗಿಸಬೇಕು ಎಂದು ಕಾಲೇಜಿನ ಲೈಬ್ರರಿ ಮೇಡಂ ಕೇಳಿಕೊಂಡರು. ಮಾಮ ಹೋಗಿ ಬೀರುವಿನ ಬಾಗಿಲು ತೆಗೆದು, ರಿಲೇಗಳ ಸದ್ದು ಕೇಳುತ್ತ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತರು. ಏಳನೆಯದು ತಡವಾಗಿ ಬಡಿಯುತ್ತಿತ್ತು. ಬಿಚ್ಚಿ, ಮೊನೆಗೆ ಹತ್ತಿದ ಮಸಿಯನ್ನು ಉಜ್ಜಿ ತೆಗೆದು, ಕಮಾನು ಸರಿ ಮಾಡಿದರು. ಲಿಫ್ಟು ಏನೂ ಆಗಿಲ್ಲವೆಂಬಂತೆ ಹೊರಟಿತು.

ಆ ಭಾರದ ಸಾಮಾನು ಒಂದು ದೊಡ್ಡ ದೂರದರ್ಶಕವಾಗಿತ್ತು. ನೀರು ಕಾಯಿಸುವ ಹಂಡೆಯಷ್ಟು ದಪ್ಪ. ಮೇಡಂ ಊರಿನ ಆಕಾಶ ನೋಡುವವರ ಸಂಘವೊಂದನ್ನು ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಬಯಸಿದವರಿಗೆಲ್ಲ ಕಾಲೇಜಿನ ತಾರಸಿಯಲ್ಲಿ ಗ್ರಹಗಳನ್ನು ತೋರಿಸುತ್ತಿದ್ದರು.

“ಸಂಜೆ ಬನ್ನಿ ಸರ್. ನಿಮ್ಮಿಂದಲೇ ಇವತ್ತಿನ ಕಾರ್ಯಕ್ರಮ” ಅಂದರು.

ಸಂಜೆ ಮಾಮ ಸಾಲಿನಲ್ಲಿ ನಿಂತರು. ಮುಂದೆ ಹದಿನೈದು ಇಪ್ಪತ್ತು ಜನ. ತಮಗೂ ಒಂದು ದೂರದರ್ಶಕ ಇದೆ ಎಂದು ಬಾಯಿ ಬಿಡಲಿಲ್ಲ. ಹಾಳು ಮಾಡಿದವನು ಯಾವ ಬಾಯಲ್ಲಿ ಹೇಳುವುದು? ಈ ಹಂಡೆಯಷ್ಟು ದೊಡ್ಡ ಕೊಳವೆಯಲ್ಲಿ ನಿಜವಾದ ಶನಿಯನ್ನು ಕಂಡು, ತನ್ನದರಲ್ಲಿ ಏನು ಐಬು ಎಂದು ಗುಟ್ಟಾಗಿ ತಿಳಿದುಕೊಂಡು ಹೋಗುವ ಯೋಚನೆ ಅವರದು. ಸರದಿ ಬಂತು. ಬಗ್ಗಿ ಎಡಗಣ್ಣಿಟ್ಟರು.

ದೊಡ್ಡ ಗುಂಡು. ಅದರ ಎರಡೂ ಪಕ್ಕಕ್ಕೆ ಸೂಜಿ ಚುಚ್ಚಿದಂತೆ ಒಂದೊಂದು ಸಣ್ಣ ಗೆರೆ. ಉಂಗುರ ಇಲ್ಲ.

ಅವರು ನೆಟ್ಟಗಾದರು. ಮೇಡಂ ಕಡೆ ತಿರುಗಿದರು. ಎಷ್ಟು ತಡೆದರೂ ಮಾತು ಹೊರಬಿತ್ತು:

“ನೀವೂ ಕನ್ನಡಿ ತೊಳೆದ್ರಾ ಮೇಡಂ?”

ಮೇಡಂಗೆ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದವರು ನಕ್ಕರು. ಮಾಮ ನಗದೆ ನಿಂತದ್ದನ್ನು ಕಂಡು ಮೇಡಂ ಅವರನ್ನು ಪಕ್ಕಕ್ಕೆ ಕರೆದರು. “ಏನು ಸರ್? ಸರಿಯಾಗಿ ಹೇಳಿ.” ಮಾಮ ಎಲ್ಲ ಹೇಳಿದರು. ಮೇಷ್ಟ್ರು, ಬೂಷ್ಟು, ಸೋಪು, ಹತ್ತಿ, ಗೀರು. ಮೂವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ, ಅದೂ ಗುರುತಿಲ್ಲದವರಿಗೆ.

ಮೇಡಂ ದೂರದರ್ಶಕದ ದುಂಡನೆಯ ಮುಚ್ಚಳವನ್ನು ತೆಗೆದುಕೊಂಡು ಅವರ ಮುಖದ ಮುಂದೆ ಹಿಡಿದರು. “ಏನು ಕಾಣುತ್ತೆ?”

“ಮುಚ್ಚಳ.”

ಮೆಲ್ಲಗೆ ತಿರುಗಿಸಿ ಅಂಚನ್ನು ಕಣ್ಣಿನ ನೇರಕ್ಕೆ ತಂದರು. “ಈಗ?”

“ಗೆರೆ.”

“ಅಷ್ಟೇ ಸರ್. ಶನಿ ವಾಲಿಕೊಂಡು ಸೂರ್ಯನ್ನ ಸುತ್ತುತ್ತೆ. ಕೆಲವು ವರ್ಷ ಉಂಗುರದ ಅಗಲ ನಮ್ಮ ಕಡೆ ಇರುತ್ತೆ, ಒಂದೊಂದು ವರ್ಷ ಅಂಚು ಮಾತ್ರ. ಉಂಗುರದ ಅಗಲ ಲಕ್ಷಗಟ್ಟಲೆ ಕಿಲೋಮೀಟರು, ದಪ್ಪ ನೋಡಿದ್ರೆ ಹತ್ತು ಮಹಡಿ ಕಟ್ಟಡದಷ್ಟು. ಅಂಚು ತಿರುಗಿತು ಅಂದ್ರೆ ಚಿಕ್ಕ ದೂರದರ್ಶಕಕ್ಕೆ ಇಲ್ಲವೇ ಇಲ್ಲ. ಹದಿನೈದು ವರ್ಷಕ್ಕೊಂದು ಸಲ ಹೀಗಾಗುತ್ತೆ. ಈಗ ಆಗಿದೆ. ಮೂವತ್ತು ವರ್ಷದ ಹಿಂದೆಯೂ ಆಗಿತ್ತು.”

“ನಡುವೆ?”

“ನಡುವೆ ಒಂದು ಸಲ ಆಗಿತ್ತು. ನೀವು ನೋಡ್ತಿರಲಿಲ್ಲ ಅಷ್ಟೆ.”

“ಹಾಗಾದ್ರೆ ಗೀರು?”

“ನಾಲ್ಕು ಗೀರಿಗೆ ಏನೂ ಆಗಲ್ಲ ಸರ್. ನನ್ನ ಕನ್ನಡಿ ಮೇಲೆ ನಲವತ್ತಿದೆ.”

ಮಾಮ ‘ಥ್ಯಾಂಕ್ಸ್’ ಎಂದು ಹೇಳಿ ಲಿಫ್ಟಿನೊಳಗೆ ಹೋಗಿ ಜಾಲರಿ ಬಾಗಿಲು ಎಳೆದುಕೊಂಡರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಏನನ್ನೂ ಹಾಳು ಮಾಡಿರಲಿಲ್ಲ, ಅದು ಸಂತೋಷದ ಸುದ್ದಿ. ಹಾಳು ಮಾಡಿರದಿದ್ದರೆ ಬಿಟ್ಟದ್ದೇಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇಲ್ಲಿ ಕನ್ನಡಿಯಲ್ಲಿ ಹುಣ್ಣೇ ಇರಲಿಲ್ಲ. ಮರುದಿನ ಒಮ್ಮೆ ಚಂದ್ರನನ್ನು ನೋಡಿದ್ದರೂ ಸಾಕಿತ್ತು. ಒಂದು ಪತ್ರ ಬರೆದಿದ್ದರೂ ಸಾಕಿತ್ತು. ಯಾರನ್ನು ಬೈಯುವುದು? ಮೇಷ್ಟ್ರನ್ನೇ? ಶನಿಯನ್ನೇ? ಹೀಗೆ ಎಷ್ಟು ಹೊತ್ತು ನಿಂತಿದ್ದರೋ, ಲಿಫ್ಟು ತಾನಾಗಿ ಕೆಳಗಿಳಿದು ನಿಂತಿತು. ಕೆಳಗಿನಿಂದ ಗುಂಡಿ ಒತ್ತಿ ಕಾಯುತ್ತಿದ್ದ ವಾಚ್‌ಮನ್, “ಮತ್ತೆ ಕೆಟ್ಟೋಯ್ತಾ ಮಾಮ?” ಎಂದ. ಮಾಮ ಗುಂಡಿ ಒತ್ತುವುದನ್ನೇ ಮರೆತಿದ್ದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ನಗುತ್ತಾಳೆ ಎಂದುಕೊಂಡಿದ್ದರು. ಅವಳು ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

“ಅಂದ್ರೆ, ನಾನು ಹೇಳಿದ್ದಕ್ಕಲ್ವಾ ನೀವು ಬಿಟ್ಟಿದ್ದು?”

“ನೀನು ಏನು ಹೇಳಿದ್ದೆ?”

“ಏನು ಹೇಳಿದ್ದೆನಾ! ತುಂಬು ಬಸುರಿ. ಕಾಲು ಊದಿಕೊಂಡು ಆನೆ ಕಾಲಾಗಿತ್ತು. ಸೋಮವಾರ ಸಾಯಂಕಾಲ ನೀವು ಬಚ್ಚಲಲ್ಲಿ ಆ ಗಾಜು ಹಿಡ್ಕೊಂಡು ಕೂತಿದ್ರಿ. ‘ಅಲ್ಲಿ ನಕ್ಷತ್ರ ಹೆರುತ್ತಾ, ಇಲ್ಲಿ ನಾನು ಹೆರ್ತೀನಾ, ಯಾವ ಬಾಣಂತಿ ನೋಡ್ಕೋತೀರೋ ಈಗಲೇ ಹೇಳಿಬಿಡಿ’ ಅಂತ ಕೂಗಾಡಿದ್ದೆ. ಮಾರನೇ ದಿನ ನೀವು ಅದನ್ನ ಅಟ್ಟಕ್ಕೆ ಹಾಕಿದ್ರಿ. ಒಂದು ಮಾತೂ ಆಡದೆ. ಅವತ್ತು ರಾತ್ರಿ ನಾನು ಎಷ್ಟು ಅತ್ತೆ ಗೊತ್ತಾ? ನನಗೋಸ್ಕರ ಅಷ್ಟು ಇಷ್ಟದ್ದನ್ನ ಬಿಟ್ರಲ್ಲ ಅಂತ. ಅಮ್ಮನಿಗೆ ಹೇಳಿದ್ದೆ, ಅಕ್ಕಂದಿರಿಗೆ ಹೇಳಿದ್ದೆ, ಈ ಬೀದಿಯವರಿಗೆಲ್ಲ ಹೇಳಿದ್ದೀನಿ.”

ಮಾಮ ಕಕ್ಕಾಬಿಕ್ಕಿಯಾದರು. ಅತ್ತೆ ಬದುಕಿರುವವರೆಗೂ ಇವರು ಒಳಗೆ ಬಂದರೆ ಕುರ್ಚಿ ಬಿಟ್ಟು ಏಳುತ್ತಿದ್ದರು. ಓದಿದ, ಮೇಲಿನ ಹುದ್ದೆಯ ಇನ್ನಿಬ್ಬರು ಅಳಿಯಂದಿರಿಗೆ ಆ ಮರ್ಯಾದೆ ಇರಲಿಲ್ಲ. ಲಿಫ್ಟ್ ಮೆಕ್ಯಾನಿಕ್ಕಿಗೆ ಮಾತ್ರ ಯಾಕೆ ಎಂದು ಇಷ್ಟು ವರ್ಷ ಅವರಿಗೆ ಗೊತ್ತಾಗಿರಲಿಲ್ಲ.

“ನೀನು ಕೂಗಾಡಿದ್ದು ನನಗೆ ನೆನಪೇ ಇಲ್ಲ ಕಣೇ.”

“ಅಷ್ಟು ಕೂಗಿದ್ದು ಕಿವಿಗೆ ಬೀಳಲಿಲ್ವಾ?”

ಬಿದ್ದಿತ್ತೋ ಏನೋ. ಅದೇ ಈಗ ಗೋಜಲು. ಕೇಳಿಸಿಕೊಂಡೇ, ಉಂಗುರ ಕಾಣದ್ದನ್ನು ನೆಪ ಮಾಡಿಕೊಂಡು ಮುಚ್ಚಿಟ್ಟರೋ? ಇಲ್ಲದಿದ್ದರೆ ಮರುದಿನ ಒಮ್ಮೆ ನೋಡೋಣ ಎಂದು ಯಾಕೆ ಅನ್ನಿಸಲಿಲ್ಲ? ಬೇರೆ ಯಾವ ಯಂತ್ರವನ್ನು ಅವರು ಒಂದೇ ಸಲಕ್ಕೆ ಕೈಬಿಟ್ಟಿದ್ದರು? ಸಾಕ್ಷಿಗೆಂದು ನೋಟ್‌ಬುಕ್ಕು ತಂದು ಕೊನೆಯ ಪುಟ ತೆರೆದರು. ಮಂಗಳವಾರದ ತಾರೀಕು. ಕೆಳಗೆ ಮೂರು ಸಾಲು: ‘ಉಂಗುರ ಇಲ್ಲ. ಎಲ್ಲ ಹಾಳಾಯಿತು. ತಪ್ಪು ನನ್ನದೇ.’

ಹೆಂಡತಿ ಐಪೀಸು ಹಿಡಿದು ಆ ಮಾಸಿದ ಪೆನ್ಸಿಲ್ ಅಕ್ಷರಗಳನ್ನು ಓದಿದಳು. “ನೋಡಿ! ತಪ್ಪು ನನ್ನದೇ ಅಂತ ನೀವೇ ಬರೆದಿದ್ದೀರಿ.”

“ಅದು ಕನ್ನಡಿ ತೊಳೆದ ತಪ್ಪು.”

“ಕನ್ನಡಿ ಅಂತ ಎಲ್ಲಿ ಬರೆದಿದೆ? ತೋರಿಸಿ.”

ಎಲ್ಲಿಯೂ ಬರೆದಿರಲಿಲ್ಲ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎರಡು ದಿನ ಕಳೆಯಿತು. ಅವಳು ಹಗಲಿಡೀ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ಮೂರನೆಯ ದಿನ ಮಗಳು ಬಂದು, ಇಬ್ಬರ ಮುಖವನ್ನೂ ನೋಡಿ ವಿಷಯ ಕೇಳಿದಳು. ಇಬ್ಬರೂ ಒಟ್ಟಿಗೆ ಹೇಳಿದರು. ಅವಳು ಪೂರ್ತಿ ಕೇಳಿ, “ನನಗೆ ಅಜ್ಜಿ ಹೇಳಿದ್ದು ಬೇರೆ” ಅಂದಳು. “ಮಗು ಬಂತು ಅಂತ ಅಪ್ಪ ತನ್ನ ಆಟದ ಸಾಮಾನು ಎತ್ತಿಟ್ಟರು ಅಂತ. ಚಿಕ್ಕವಳಿದ್ದಾಗ ಅಟ್ಟ ನೋಡಿದ್ರೆ ನನಗೆ ಪಾಪ ಅನ್ನಿಸ್ತಿತ್ತು ಅಪ್ಪಾ. ನಾನು ಹುಟ್ಟದೇ ಇದ್ದಿದ್ರೆ ನೀವು ಆಡ್ಕೊಂಡಿರ್ತಿದ್ರಿ ಅಂತ.”

“ಅಯ್ಯೋ, ಇಲ್ಲಮ್ಮ!” ಎಂದು ಮಾಮ ಗಾಬರಿಯಾಗಿ ಎದ್ದು ನಿಂತರು. ಇಲ್ಲ ಅಂದರೆ ಹೆಂಡತಿಗೆ ನೋವು, ಹೌದು ಅಂದರೆ ಮಗಳಿಗೆ. ಒಂದು ಉಂಗುರ ಕಾಣದೇ ಹೋದದ್ದಕ್ಕೆ ಒಂದೇ ಮನೆಯಲ್ಲಿ ಮೂರು ಜನ ಮೂರು ತರ ಭಾರ ಹೊತ್ತುಕೊಂಡು ಓಡಾಡಿದ್ದಾರೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ.

ಹೆಂಡತಿಯೇ ಮೊದಲು ನಕ್ಕದ್ದು. ಯಾಕೆ ನಕ್ಕಳೋ ಮಾಮನಿಗೆ ಇವತ್ತಿಗೂ ಗೊತ್ತಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಹೋಗಲಿ, ಆ ಶನೀನ ನನಗೂ ತೋರಿಸಿ. ಬೋಳಾಗಿದ್ರೂ ಪರವಾಗಿಲ್ಲ” ಅಂದಳು. ಮೂವರೂ ತಾರಸಿಗೆ ಹೋದರು. ಅವಳು ಬಹಳ ಹೊತ್ತು ನೋಡಿದಳು. “ಪಾಪ, ಎಷ್ಟು ಒಂಟಿಯಾಗಿದೆ” ಎಂದಳು. ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಬಿಟ್ಟಳು.

ಆಮೇಲೆ ಮಾಮ ಪ್ರತಿ ತಿಂಗಳೂ ಕಾಲೇಜಿಗೆ ಹೋಗತೊಡಗಿದರು. ಸಂಘದಲ್ಲಿ ತುಕ್ಕು ಹಿಡಿದ ಮುಕ್ಕಾಲಿ, ಸವೆದ ಹಲ್ಲುಚಕ್ರ, ಹೊಂದದ ತಿರುಪು ಎಲ್ಲ ಅವರ ಕೈಗೆ ಬಂದವು. ಮಾತು ಕಡಿಮೆ, ಕೆಲಸ ಜಾಸ್ತಿ. ಹೊಸಬರು ಯಾರಾದರೂ ಕನ್ನಡಿ ತೊಳೆಯಬಹುದೇ ಎಂದು ಕೇಳಿದರೆ ಮಾತ್ರ ಅವರು ಪೇಚಿಗೆ ಬೀಳುತ್ತಾರೆ. ತೊಳೆಯಿರಿ ಎಂದು ಹೇಳಲು ಮೇಷ್ಟ್ರು ಅಡ್ಡ ಬರುತ್ತಾರೆ, ಬೇಡ ಎಂದು ಹೇಳಲು ತಮ್ಮದೇ ಕನ್ನಡಿ ಅಡ್ಡ ಬರುತ್ತದೆ. “ಮೇಡಂನ ಕೇಳಿ” ಅನ್ನುತ್ತಾರೆ.

ವರ್ಷದ ಕೊನೆಗೆ ಮೇಡಂ ಸದಸ್ಯರಾಗಲು ಒಂದು ಫಾರಂ ಕೊಟ್ಟರು. ಊಟದ ಮೇಜಿನ ಮೇಲೆ ಇಟ್ಟುಕೊಂಡು ಕುಳಿತ ಮಾಮ ಹೆಸರು, ವಿಳಾಸ, ಉದ್ಯೋಗ ಎಲ್ಲ ತುಂಬಿ ನಾಲ್ಕನೆಯ ಸಾಲಿಗೆ ಬಂದು ನಿಂತರು: ‘ಎಷ್ಟು ವರ್ಷಗಳಿಂದ ಆಕಾಶ ವೀಕ್ಷಣೆ ಮಾಡುತ್ತಿದ್ದೀರಿ?’

ಮೊದಲ ಸಲ ನೋಡಿದ್ದಕ್ಕೆ ಮೂವತ್ತೆಂಟು ವರ್ಷವಾಗಿತ್ತು. ನಿಜವಾಗಿ ನೋಡಿದ್ದು ಐದು ವರ್ಷ. ನೋಡದೆಯೂ ಒಂದು ಉಂಗುರವನ್ನು ನೆನೆಯುತ್ತ ಕಳೆದದ್ದು ಮೂವತ್ತು. ಅದನ್ನು ಯಾವ ಕಡೆಗೆ ಸೇರಿಸುವುದು?

“ಏನೇ, ಇದಕ್ಕೆ ಏನು ಬರೀಲಿ?”

ಹೆಂಡತಿ ಬಂದು ಬಗ್ಗಿ ಓದಿದಳು. ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಸದ್ಯಕ್ಕೆ ಪೆನ್ಸಿಲಲ್ಲಿ ಬರೀರಿ” ಅಂದಳು.